ಕರಾವಳಿಯ ಆಸ್ಪತ್ರೆಗೆ ನರ್ಸ್ ಆಗಿ ಸೇರುತ್ತಿದ್ದೇನೆ, ಮಾತಾಡೋದು ಹೇಗೆ ಕಲಿಯಲಿ?

ನೀವು ಚಿತ್ರದುರ್ಗದ ಕಡೆಯವರು, ಬಿಎಸ್ಸಿ ನರ್ಸಿಂಗ್ ಮುಗಿಸಿ ಹೊನ್ನಾವರದ ಹತ್ತಿರ ಕೆಲಸಕ್ಕೆ ಸೇರುತ್ತಿದ್ದೀರಿ. ಇಂಜೆಕ್ಷನ್, ಡ್ರಿಪ್, ಡ್ರೆಸ್ಸಿಂಗ್ ಎಲ್ಲ ಬರುತ್ತದೆ, ಆದರೆ ರೋಗಿಯ ಕಡೆಯವರ ಹತ್ತಿರ, ಡಾಕ್ಟರ ಹತ್ತಿರ ಮಾತಾಡುವಾಗ ತಡವರಿಸುತ್ತೇನೆ, ಈ ಸಾಫ್ಟ್ ಸ್ಕಿಲ್ಸ್ ಕಲಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಇದೇ ಕರಾವಳಿಯವಳು. ಹೆರಿಗೆ ವಾರ್ಡು, ಹೆಂಗಸರ ವಾರ್ಡು, ಕ್ಯಾಜುವಲ್ಟಿ ಎಲ್ಲ ಕಡೆ ಕೆಲಸ ಮಾಡಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ನಗುಮುಖ, ಮೆತ್ತಗಿನ ದನಿ ಇದ್ದರೆ ಸಾಕು ಅಂತ ಟ್ರೇನಿಂಗ್‌ನಲ್ಲಿ ಹೇಳಿರುತ್ತಾರೆ. ಅವು ಬೇಕು, ಸಾಲವು. ನಾವು ಹೇಳಿದ್ದು ರೋಗಿಗೆ ಮುಟ್ಟಿತೋ ಇಲ್ಲವೋ ಅಂತ ನೋಡಿಕೊಳ್ಳೋದೇ ದೊಡ್ಡ ಕೆಲಸ. ನಮ್ಮ ಕಡೆಯ ಜನ ಆಸ್ಪತ್ರೆಯಲ್ಲಿ ಏನು ಹೇಳಿದರೂ 'ಹೂಂ' ಅನ್ನುತ್ತಾರೆ. ಮರ್ಯಾದೆಗೆ ಅನ್ನುವ ಹೂಂ ಅದು. ಎಷ್ಟು ತಿಳಿಯಿತು ಅನ್ನೋದು ಅದರಿಂದ ಗೊತ್ತಾಗುವುದಿಲ್ಲ.

ಒಂದು ಸಲ ಮೀನು ಮಾರುವ ಹೆಂಗಸೊಬ್ಬರನ್ನು ಕ್ಯಾಜುವಲ್ಟಿಗೆ ಕರೆತಂದಿದ್ದರು. ಮೈಯೆಲ್ಲ ಬೆವರು, ಕೈ ನಡುಕ. ನೋಡಿದರೆ ಶುಗರ್ ತುಂಬಾ ಕೆಳಗಿತ್ತು. ಗ್ಲುಕೋಸ್ ಕೊಟ್ಟು ಸುಧಾರಿಸಿದ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ: "ಅಕ್ಕಾ, ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ, ಒಂದೊಂದಾಗಿ ಹೇಳಿ." ಅವರ ಚೀಟಿಯಲ್ಲಿ ಇದ್ದದ್ದು ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ, ಬೆಳಿಗ್ಗೆ ತಿಂಡಿಗೆ ಮುಂಚೆ. ಅವರು ಕತ್ತಲಿರುವಾಗಲೇ ಎದ್ದು, ಮಾತ್ರೆ ನುಂಗಿ, ಒಂದು ಲೋಟ ಚಾ ಕುಡಿದು ಬಂದರಿಗೆ ಹೋಗುತ್ತಾರೆ. ಮೀನು ತಗೊಂಡು, ಬುಟ್ಟಿ ಹೊತ್ತು, ಮಾರಿ ಮುಗಿಸಿ ಗಂಜಿ ಉಣ್ಣುವಾಗ ಹನ್ನೊಂದು ಗಂಟೆ. ಚೀಟಿಯಲ್ಲಿ ಬರೆದ ಹಾಗೇ ಮಾಡಿದ್ದಾರೆ, ಪಾಪ. ಆದರೆ ಈ ಮಾತ್ರೆ ಹೊಟ್ಟೆಗೆ ಏನೂ ಬೀಳದಿದ್ದರೂ ಇನ್ಸುಲಿನ್ ಬಿಡಿಸುತ್ತದೆ, ಶುಗರ್ ಕುಸಿಯುತ್ತದೆ. ಡಾಕ್ಟರಿಗೆ ಈ ದಿನಚರಿ ತಿಳಿಸಿದೆ, ಅವರು ಮಾತ್ರೆಯ ಹೊತ್ತನ್ನು ಊಟದ ಹೊತ್ತಿಗೆ ಸರಿಯಾಗಿ ಬದಲಿಸಿ ಬರೆದರು.

ಹಾಗಾಗಿ 'ಅರ್ಥ ಆಯ್ತಾ?' ಅನ್ನೋ ಪ್ರಶ್ನೆ ಬಿಟ್ಟುಬಿಡಿ. "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಮನೆಗೆ ಹೋದ ಮೇಲೆ ಈ ಮಾತ್ರೆ ಯಾವಾಗ ತಗೊಳ್ತೀರಿ, ಹೇಳಿ ನೋಡೋಣ" ಅನ್ನಿ. ಪರೀಕ್ಷೆ ನಿಮಗೆ ಅನ್ನುವ ಹಾಗೆ ಕೇಳಿದರೆ ಅವರಿಗೆ ಮುಜುಗರ ಆಗೋದಿಲ್ಲ. ಟೀಚ್-ಬ್ಯಾಕ್ ಅಂತ ನರ್ಸಿಂಗ್‌ನಲ್ಲಿ ಕಲಿಸುವುದು ಇದನ್ನೇ. ಡಿಸ್ಚಾರ್ಜ್ ಮಾಡುವಾಗ ಇದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಎಷ್ಟೇ ಗಡಿಬಿಡಿ ಇದ್ದರೂ ಆ ಎರಡು ನಿಮಿಷ ಉಳಿಸಬೇಡಿ. ಭಟ್ಕಳ, ಹೊನ್ನಾವರದ ಕಡೆ ರಂಜಾನ್ ಉಪವಾಸ ಮಾಡುವ ಶುಗರ್ ರೋಗಿಗಳು ಜಾಸ್ತಿ. ಉಪವಾಸ ಶುರುವಾಗುವ ಮುಂಚೆಯೇ ಕೇಳಿ ಡಾಕ್ಟರ ಹತ್ತಿರ ಕಳಿಸಿ. 'ಉಪವಾಸ ಮಾಡಲೇಬೇಡಿ' ಅಂತ ನೀವೇ ಒಂದೇ ಏಟಿಗೆ ಹೇಳಿದರೆ, ಮುಂದಿನ ಸಲ ಅವರು ನಿಮಗೆ ಹೇಳದೇ ಮಾಡುತ್ತಾರೆ.

ಕೇಳಿಸಿಕೊಳ್ಳುವುದೂ ಅಭ್ಯಾಸದಿಂದಲೇ ಬರೋದು. ಅಮೆರಿಕದಲ್ಲಿ 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನುವವರು ಡಾಕ್ಟರು-ರೋಗಿಗಳ ಮಾತನ್ನು ರೆಕಾರ್ಡ್ ಮಾಡಿ ಅಳೆದಿದ್ದರು. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರಂತೆ. ನಾವೂ ಹಾಗೇ ಮಾಡುತ್ತೇವೆ. ಅಜ್ಜಿ ಮೊಮ್ಮಗನ ಮದುವೆಯಿಂದ ಕಥೆ ಶುರು ಮಾಡಿದರೂ ಸ್ವಲ್ಪ ತಾಳಿ. ಎದೆ ಹಿಂಡಿದ ಹಾಗಾದದ್ದು ಮದುವೆ ಮನೆಯ ಮೆಟ್ಟಿಲು ಹತ್ತುವಾಗ ಅನ್ನೋದು ಆ ಕಥೆಯೊಳಗೇ ಇರುತ್ತದೆ.

ಭಾಷೆಗೆ ಹೆದರಬೇಡಿ. ಇಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಕಾರವಾರದಲ್ಲಿ ಮರಾಠಿಯೂ ಇದೆ. ಹವ್ಯಕರ ಕನ್ನಡ ಬೇರೆ, ಹಾಲಕ್ಕಿಯವರ ಕನ್ನಡ ಬೇರೆ. 'ಖಂಯ್ ದುಕ್ತಾ?' ಅಂತ ಕೊಂಕಣಿಯಲ್ಲಿ ಎಲ್ಲಿ ನೋವು ಅಂತ ಕೇಳಿದರೆ ಎಷ್ಟೋ ಜನರ ಮುಖ ಸಡಿಲವಾಗುತ್ತದೆ. ಇಂಥ ನಾಲ್ಕು ಪ್ರಶ್ನೆಗಳನ್ನು ವಾರ್ಡಿನ ಆಯಾಗಳಿಂದ ಕಲಿತುಕೊಳ್ಳಿ. ಮೊದಲು ನಿಮ್ಮ ಹೆಸರು ಹೇಳಿ. 'ಆರನೇ ಬೆಡ್ಡು' ಅಂತ ಕರೆಯಬೇಡಿ. ಇಂಗ್ಲೆಂಡಿನ ಕೇಟ್ ಗ್ರೇಂಜರ್ ಅನ್ನೋ ಡಾಕ್ಟರು ಕ್ಯಾನ್ಸರ್ ಬಂದು ತಾವೇ ರೋಗಿಯಾಗಿ ಮಲಗಿದ್ದಾಗ, ಎಷ್ಟೋ ಸಿಬ್ಬಂದಿ ಹೆಸರೂ ಹೇಳದೆ ಬಂದು ಹೋಗುವುದನ್ನು ನೋಡಿ, 2013ರಲ್ಲಿ ಅದಕ್ಕೇ ಒಂದು ಅಭಿಯಾನ ಶುರು ಮಾಡಿದರು.

ಹಾಲಕ್ಕಿ ಒಕ್ಕಲಿಗ ಹೆಂಗಸರು ಕತ್ತಿನ ತುಂಬ ಮಣಿಸರ ಹಾಕಿರುತ್ತಾರೆ. ಎದೆಯ ಎಕ್ಸ್‌ರೇ ಅಂದರೆ ತೆಗೆಯಲೇಬೇಕು. 'ಇದನ್ನೆಲ್ಲ ಬಿಚ್ಚಿ' ಅಂದರೆ ಅವರು ಹಿಂದೆ ಸರಿಯುತ್ತಾರೆ. "ಅಮ್ಮಾ, ಮಣಿ ಎಕ್ಸ್‌ರೇಯಲ್ಲಿ ಮೂಡಿಬಿಟ್ಟರೆ ಒಳಗಿನ ಕಫ ಕಾಣೋದಿಲ್ಲ. ನಾನೇ ಬಿಚ್ಚಿ ಕೊಡ್ತೇನೆ, ನಿಮ್ಮ ಮಗಳ ಕೈಯಲ್ಲೇ ಇರಲಿ, ಎಕ್ಸ್‌ರೇ ಮುಗಿದ ತಕ್ಷಣ ಹಾಕ್ಕೊಳ್ಳಿ" ಅನ್ನಿ. ಬಾಗಿಲು ಹಾಕಿ, ಹೆಂಗಸರೇ ಸಹಾಯ ಮಾಡಿ.

ಇನ್ನು ರಾತ್ರಿ ಡಾಕ್ಟರಿಗೆ ಫೋನ್ ಮಾಡೋದು. ಹೊಸಬರಿಗೆ ಇದೇ ದೊಡ್ಡ ಭಯ. ಎಸ್‌ಬಿಎಆರ್ ಅಂತ ಒಂದು ಕ್ರಮ ಇದೆ, ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ಆ ನಾಲ್ಕು ಅಕ್ಷರಕ್ಕೆ ನಾಲ್ಕು ಹೆಜ್ಜೆ: ಈಗ ಏನಾಗಿದೆ, ಹಿಂದಿನದು ಏನು, ನನಗೆ ಏನನ್ನಿಸುತ್ತಿದೆ, ನನಗೆ ಏನು ಬೇಕು. 'ಸರ್, ಪೇಶೆಂಟ್ ಯಾಕೋ ಸರಿ ಇಲ್ಲ' ಅಂದರೆ ನಿದ್ದೆಗಣ್ಣಲ್ಲಿ ಇರುವವರಿಗೆ ಏನೂ ತಿಳಿಯದು. ಹೀಗೆ ಹೇಳಿ: "ಸರ್, ಹೆರಿಗೆ ವಾರ್ಡಿಂದ. ಸಂಜೆ ಹೆರಿಗೆ ಆದವರಿಗೆ ಬ್ಲೀಡಿಂಗ್ ಜಾಸ್ತಿ ಆಗ್ತಿದೆ. ಬಿಪಿ 84/50, ಪಲ್ಸ್ 124. ಎಂಟು ಗಂಟೆಗೆ ಬಿಪಿ 120/80 ಇತ್ತು. ಗರ್ಭಕೋಶ ಗಟ್ಟಿಯಾಗ್ತಿಲ್ಲ ಅನ್ಸುತ್ತೆ. ನೀವು ಈಗಲೇ ಬರಬೇಕು." ಕೊನೆಯ ವಾಕ್ಯ ನುಂಗಿಕೊಳ್ಳಬೇಡಿ. ಡಾಕ್ಟರು ಫೋನಿನಲ್ಲಿ ಹೇಳಿದ ಔಷಧಿ, ಡೋಸ್ ಬರೆದುಕೊಂಡು ಅವರಿಗೇ ಓದಿ ಹೇಳಿ, ಹೌದು ಅನಿಸಿಕೊಳ್ಳಿ. ಗದರಿದರೆ ಗದರಲಿ, ಬೆಳಿಗ್ಗೆ ಆ ತಾಯಿ ಮಗುವಿಗೆ ಹಾಲು ಕುಡಿಸುತ್ತಾ ಕೂತಿರಬೇಕು, ಅಷ್ಟೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅತಿ ಕಷ್ಟದ ಮಾತು 'ಮುಂದಕ್ಕೆ ಕಳಿಸಬೇಕು' ಅನ್ನೋದು. ದೊಡ್ಡ ಕಾಯಿಲೆ, ದೊಡ್ಡ ಅಪಘಾತ ಅಂದರೆ ಕಾರವಾರದವರು ಗೋವಾಕ್ಕೆ, ಹೊನ್ನಾವರ-ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಓಡುತ್ತಾರೆ. ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಜನ 2022ರಲ್ಲಿ ಎಷ್ಟು ಕೂಗಿದರು ಅನ್ನೋದು ಇಲ್ಲಿಯವರಿಗೆಲ್ಲ ಗೊತ್ತು. ಆ ಸಿಟ್ಟು, ಆ ದುಃಖ ಕ್ಯಾಜುವಲ್ಟಿಯಲ್ಲಿ ನಿಂತಿರುವ ನಿಮ್ಮ ಮೇಲೆ ಬೀಳುತ್ತದೆ. 'ಇಲ್ಲಿ ಆಗಲ್ಲ, ಕರ್ಕೊಂಡು ಹೋಗಿ' ಅಂದರೆ ಅವರಿಗೆ ಕೈಬಿಟ್ಟರು ಅಂತಲೇ ಕೇಳಿಸುತ್ತದೆ. ಮನೆಯವರಲ್ಲಿ ಒಬ್ಬರನ್ನೋ ಇಬ್ಬರನ್ನೋ ಪಕ್ಕಕ್ಕೆ ಕರೆದು ಕೂರಿಸಿ. ಡಾಕ್ಟರು ಏನು ಹೇಳಿದರು ಅಂತ ಅವರಿಂದಲೇ ಮೊದಲು ಕೇಳಿ. ಆಮೇಲೆ ಹೇಳಿ, ಉದಾಹರಣೆಗೆ: ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು ಅಂತ ಸಂಶಯ ಇದೆ, ಅದಕ್ಕೆ ಬೇಕಾದ ಆಪರೇಷನ್ ಇಲ್ಲಿಲ್ಲ, ಅಲ್ಲಿದೆ, ಅಲ್ಲಿಯವರೆಗೆ ಬೇಕಾದದ್ದು ನಾವು ಮಾಡಿದ್ದೇವೆ, ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಇರುತ್ತದೆ. ಆಧಾರ್, ರೇಷನ್ ಕಾರ್ಡ್ ಮತ್ತು ನಮ್ಮ ರೆಫರಲ್ ಚೀಟಿ ಕೈಯಲ್ಲೇ ಇರಲಿ ಅಂತ ನೆನಪಿಸಿ, ಆಯುಷ್ಮಾನ್ ಯೋಜನೆಗೆ ಅವು ಬೇಕಾಗುತ್ತವೆ. ಯಾರಾದರೂ ಕೂಗಾಡಿದರೆ ದನಿ ಏರಿಸಬೇಡಿ, 'ಸುಮ್ನಿರಿ' ಅನ್ನಬೇಡಿ, ಬಾಗಿಲು ನಿಮ್ಮ ಹತ್ತಿರ ಇರುವ ಹಾಗೆ ನಿಲ್ಲಿ. ಕೈ ಮಾಡುವ ಸೂಚನೆ ಕಂಡರೆ ಅಲ್ಲಿಂದ ಹೊರಗೆ ಬಂದು ಬೇರೆಯವರನ್ನು ಕರೆಯಿರಿ.

ನಿಮ್ಮನ್ನೂ ನೋಡಿಕೊಳ್ಳಿ. ಚಿಕ್ಕ ಮಗು ಹೋದ ರಾತ್ರಿಯ ಮಾರನೇ ದಿನ ಸುಮ್ನೆ ಡ್ಯೂಟಿಗೆ ಬಂದುಬಿಡೋದು ಧೈರ್ಯ ಅಂತ ನಾನು ಒಪ್ಪೋದಿಲ್ಲ. ಜೊತೆಯವರ ಹತ್ತಿರ ಮಾತಾಡಿ. ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೊನೆಗೆ, ಇದು ಚಿಕ್ಕ ಊರು. ಬಸ್ಸಿನಲ್ಲಿ, ಮೀನು ಪೇಟೆಯಲ್ಲಿ, ದೇವಸ್ಥಾನದಲ್ಲಿ 'ಸಿಸ್ಟರ್, ನಮ್ಮ ಪಕ್ಕದ ಮನೆಯವಳಿಗೆ ಏನಾಗಿತ್ತು?' ಅಂತ ಕೇಳೇ ಕೇಳುತ್ತಾರೆ. ಎಚ್‌ಐವಿ ವಿಷಯವನ್ನಂತೂ ಒಪ್ಪಿಗೆ ಇಲ್ಲದೆ ಹೀಗೆ ಹೇಳಬಾರದು ಅಂತ 2017ರ ಕಾನೂನೇ ಇದೆ. ಉಳಿದ ಕಾಯಿಲೆಗಳ ಬಗ್ಗೆಯೂ ಬಾಯಿ ಬಿಡಬೇಡಿ. "ಅವರನ್ನೇ ಕೇಳಿ ಅಕ್ಕಾ, ನೀವು ವಿಚಾರಿಸಿದರೆ ಅವರಿಗೂ ಖುಷಿಯಾಗುತ್ತೆ" ಅಂತ ಹೇಳಿ ಬೇರೆ ಮಾತು ಎತ್ತಿ. ಸೇರಿದ ಮೇಲೆ ಏನಾದರೂ ಸಂಶಯ ಬಂದರೆ ಇಲ್ಲೇ ಕೇಳಿ, ಉತ್ತರಿಸುತ್ತೇನೆ.