ಬಲೆಯೂ ನೆಟ್, ನಿವ್ವಳವೂ ನೆಟ್

ಪ್ರಶ್ನೆ: ಮೀನಿನ ಬಲೆಯೂ ನೆಟ್, ಬಿಸ್ಕೀಟು ಪೊಟ್ಟಣದ ಮೇಲಿನ ತೂಕವೂ ನೆಟ್. ಬಲೆಯಲ್ಲಿ ಸೋಸಿ ಉಳಿದದ್ದು ಎಂಬ ಅರ್ಥದಲ್ಲಿ ಈ ಎರಡನೆಯದು ಬಂದಿತೇ?
— ವಿದ್ಯಾರ್ಥಿನಿ, ಕಾರವಾರ

ಉತ್ತರ: ಊಹೆ ಚೆನ್ನಾಗಿದೆ, ಆದರೆ ಎರಡಕ್ಕೂ ನಂಟಿಲ್ಲ. ನಮ್ಮಲ್ಲಿ ‘ಹತ್ತು’ ಎಂಬ ಸಂಖ್ಯೆಯೂ ಮರ ‘ಹತ್ತು’ ಎಂಬ ಕ್ರಿಯೆಯೂ ಒಂದೇ ರೂಪದಲ್ಲಿ ಕೂತಿವೆಯಲ್ಲ, ಇದೂ ಹಾಗೆಯೇ. ಬಲೆ ಎಂಬರ್ಥದ ನೆಟ್ ಹಳೆಯ ಇಂಗ್ಲಿಷಿನ ಸ್ವಂತ ಪದ. ತೂಕದ ನೆಟ್ ಫ್ರೆಂಚಿನಿಂದ ಬಂದದ್ದು. ಅದರ ಮೂಲ ಲ್ಯಾಟಿನ್‌ನ ‘ನಿಟಿಡುಸ್’, ಅಂದರೆ ಹೊಳೆಯುವ, ಶುಭ್ರವಾದ. ‘ನೀಟಾಗಿ ಬರಿ’ ಎನ್ನುವಾಗಿನ ನೀಟ್ ಕೂಡ ಇದರದೇ ಒಡಹುಟ್ಟು. ಹೊದಿಕೆ, ಕಸ, ಖರ್ಚು ಎಲ್ಲ ಕಳೆದು ಶುದ್ಧವಾಗಿ ಉಳಿದದ್ದು ನೆಟ್.

ಇಲ್ಲೊಂದು ಸೊಗಸಿದೆ. ನಾವು ಬಳಸುವ ‘ನಿವ್ವಳ’ ಮರಾಠಿಯಲ್ಲೂ ಇದೆ. ಅಲ್ಲಿ ಅದಕ್ಕೆ ತಿಳಿಯಾದ, ಶುದ್ಧವಾದ ಎಂಬ ಅರ್ಥ. ಕೆಸರು ತಳಕ್ಕಿಳಿದು ನೀರು ತಿಳಿಯಾದಂತೆ. ಯುರೋಪಿನ ವ್ಯಾಪಾರಿಯೂ ನಮ್ಮ ಕಡೆಯ ವ್ಯಾಪಾರಿಯೂ ಲೆಕ್ಕಕ್ಕೆ ಒಂದೇ ಹೋಲಿಕೆಯನ್ನು ಹುಡುಕಿಕೊಂಡಿದ್ದಾರೆ. ಹಾಗಾಗಿ ನೆಟ್ ಪ್ರಾಫಿಟ್‌ಗೆ ‘ನಿವ್ವಳ ಲಾಭ’ ಎನ್ನುವುದಕ್ಕಿಂತ ಒಳ್ಳೆಯ ಅನುವಾದ ಬೇಕಿಲ್ಲ.

ಪ್ರಶ್ನೆ: ಸಗಣಿ ಗೊಬ್ಬರದ ಲಾರಿ ತೂಗಿಸಿದ ಚೀಟಿಯಲ್ಲಿ ಗ್ರಾಸ್, ಟೇರ್, ನೆಟ್ ಎಂದು ಮೂರು ಅಂಕಿ ಇರುತ್ತವೆ. ಹಣ ಯಾವುದಕ್ಕೆ ಕೊಡಬೇಕು?
— ಅಡಿಕೆ ಬೆಳೆಗಾರರು, ಶಿರಸಿ

ಉತ್ತರ: ನೆಟ್‌ಗೆ ಮಾತ್ರ. ಗ್ರಾಸ್ ಎಂದರೆ ಒಟ್ಟು ತೂಕ, ಲಾರಿ ಮತ್ತು ಮಾಲು ಸೇರಿ. ಟೇರ್ ಎಂದರೆ ಖಾಲಿ ಲಾರಿಯ ತೂಕ. ತೆಗೆದು ಬಿಸಾಡಿದ್ದು ಎಂಬರ್ಥದ ಅರಬ್ಬಿ ಪದ ಇಟಲಿ, ಫ್ರಾನ್ಸ್ ದಾಟಿ ಬಂದು ಟೇರ್ ಆಗಿದೆ. ಗ್ರಾಸ್ 16,420 ಕಿಲೋ, ಟೇರ್ 6,180 ಕಿಲೋ ಇದ್ದರೆ ನಿವ್ವಳ 10,240 ಕಿಲೋ.

ಮೋಸವೋ ಮರೆವೋ, ತಪ್ಪುವುದು ಹೆಚ್ಚಾಗಿ ಟೇರ್‌ನಲ್ಲಿ. ಖಾಲಿ ಲಾರಿಯನ್ನು ಆ ದಿನ ತೂಗದೆ, ಹಿಂದೆಂದೋ ಕಂಪ್ಯೂಟರಿಗೆ ಹಾಕಿಟ್ಟ ಅಂಕಿಯನ್ನೇ ಒತ್ತುವುದುಂಟು. ಚೀಟಿಯಲ್ಲಿ ಎರಡೂ ತೂಕಗಳ ತಾರೀಖು, ಗಂಟೆ ನೋಡಿ. ಡ್ರೈವರ್ ಒಂದು ಸಲ ಒಳಗೆ ಕೂತಿದ್ದರೆ ಇನ್ನೊಂದು ಸಲವೂ ಕೂತಿರಬೇಕು. ಎರಡು ತೂಕಗಳ ನಡುವೆ ಡೀಸೆಲ್ ತುಂಬಿಸಬಾರದು: ಖಾಲಿ ಲಾರಿ ತೂಗಿದ ಮೇಲೆ 100 ಲೀಟರ್ ಹಾಕಿಸಿ ಆಮೇಲೆ ಗೊಬ್ಬರ ತುಂಬಿ ತೂಗಿದರೆ, ಹೆಚ್ಚುಕಡಿಮೆ 84 ಕಿಲೋ ಡೀಸೆಲ್‌ಗೆ ನೀವು ಗೊಬ್ಬರದ ದರ ಕೊಟ್ಟಂತೆ.

ಅಡಿಕೆ ಚೀಲಕ್ಕೂ ಇದೇ ನ್ಯಾಯ, ಆದರೆ ಅಲ್ಲಿ ಗ್ರಾಮ್ ಗ್ರಾಮಿಗೂ ಬೆಲೆ. ಚೀಲ ಸೇರಿ 66.2 ಕಿಲೋ, ಬರೀ ಚೀಲ 1.2 ಕಿಲೋ ಎಂದಾದರೆ ನಿವ್ವಳ 65 ಕಿಲೋ. ಕಿಲೋಗೆ 450 ರೂಪಾಯಿ ಎಂದಿಟ್ಟುಕೊಂಡರೆ ಆ ಚೀಲದ ಲೆಕ್ಕ ಒಂದರಲ್ಲೇ 540 ರೂಪಾಯಿ ಅತ್ತಿತ್ತ ಆಗುತ್ತದೆ.

ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ‘ಟೇರ್’ ಗುಂಡಿ ಇರುತ್ತದೆ. ಖಾಲಿ ಬುಟ್ಟಿ ಇಟ್ಟು ಅದನ್ನು ಒತ್ತಿದರೆ ಸೊನ್ನೆ ಬರುತ್ತದೆ. ಆಮೇಲೆ ಹಾಕಿದ್ದೆಲ್ಲ ನೆಟ್. ಸರಿಯಾಗಿದೆಯೇ ಎಂದು ನೋಡಲು, ತೂಗಿದ ಮೇಲೆ ಬುಟ್ಟಿಯನ್ನೂ ಎತ್ತಿಸಿ. ಬುಟ್ಟಿ 1.850 ಕಿಲೋ ಇದ್ದರೆ ಪರದೆಯ ಮೇಲೆ ಮೈನಸ್ 1.850 ಕಾಣಬೇಕು. ಸೊನ್ನೆಯೇ ಕಂಡರೆ ಬುಟ್ಟಿಯ ತೂಕ ಕಳೆದಿಲ್ಲ ಎಂದರ್ಥ.

ಪ್ರಶ್ನೆ: ಮೆಶ್, ವೆಬ್, ಸೀನ್, ಟ್ರಾಲ್ ಇವೆಲ್ಲ ನೆಟ್‌ಗೆ ಸಮಾನ ಪದಗಳೇ? ರಂಪಣಿಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ?
— ಶಿಕ್ಷಕರು, ಅಂಕೋಲಾ

ಉತ್ತರ: ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ. ಮೆಶ್ ಎಂದರೆ ಬಲೆಯ ಕಣ್ಣು. ವೆಬ್ ಜೇಡರ ಬಲೆ. ಟ್ರಾಲ್ ಎಂದರೆ ಬೋಟಿನ ಹಿಂದೆ ಎಳೆದುಕೊಂಡು ಹೋಗುವ ಚೀಲದಂಥ ಬಲೆ. ಸೀನ್ ಎಂದರೆ ಮೀನಿನ ಹಿಂಡನ್ನು ಸುತ್ತುವರಿಯುವ ಬಲೆ.

ರಂಪಣಿಯ ಒಂದು ತುದಿ ದಂಡೆಯಲ್ಲಿರುತ್ತದೆ. ದೋಣಿ ಅರ್ಧಚಂದ್ರದಂತೆ ಸುತ್ತಿ ಬಲೆ ಬಿಡುತ್ತಾ ಬಂದು ಇನ್ನೊಂದು ತುದಿಯನ್ನೂ ದಂಡೆಗೆ ಮುಟ್ಟಿಸುತ್ತದೆ; ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯುತ್ತಾರೆ. ಆದ್ದರಿಂದ ಅದು ‘ಶೋರ್ ಸೀನ್’. 1970ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದು ರಂಪಣಿಯನ್ನು ಹಿಂದಕ್ಕೆ ತಳ್ಳಿದ ‘ಪರ್ಸ್ ಸೀನ್’ ಬೇರೆಯೇ: ಅದರ ಅಡಿಯಂಚಿನ ಹಗ್ಗ ಬಿಗಿದರೆ ತಳವೇ ಸಂಚಿಯ ಬಾಯಿಯಂತೆ ಮುಚ್ಚಿಕೊಳ್ಳುತ್ತದೆ, ದಂಡೆ ಬೇಕಿಲ್ಲ. ಬೀಸುಬಲೆ ‘ಕಾಸ್ಟ್ ನೆಟ್’. ಮೀನಿನ ತಲೆ ತೂರಿ ಕಿವಿರು ಸಿಕ್ಕಿಕೊಳ್ಳುವ ಬಲೆ ‘ಗಿಲ್ ನೆಟ್’. ಇಷ್ಟು ಹೆಸರಿರುವಾಗ ರಂಪಣಿಯನ್ನು ಬರೀ ನೆಟ್ ಎಂದು ಬರೆಯಬೇಡಿ; ಊರಿಗೆ ಊರೇ ಸೇರಿ ಎಳೆಯುವ ಬಲೆ ಅದು. ರಂಪಣಿ ಎಂದೇ ಬರೆದು, ಪಕ್ಕದಲ್ಲಿ ಶೋರ್ ಸೀನ್ ಎಂದು ವಿವರಿಸಿ.

ಕಣ್ಣಿನ ಅಳತೆ ಅನುವಾದಿಸುವಾಗ ಜೋಪಾನ. ಅಕ್ಕಪಕ್ಕದ ಎರಡು ಗಂಟುಗಳ ನಡುವೆ 20 ಮಿ.ಮೀ. ಇರುವ ಕಣ್ಣನ್ನೇ ಎಳೆದು ಹಿಡಿದು ಎದುರು ಗಂಟಿನವರೆಗೆ ಅಳೆದರೆ 40 ಮಿ.ಮೀ. ಆಗುತ್ತದೆ. ಯಾವ ಅಳತೆ ಎಂದು ಬರೆಯದಿದ್ದರೆ ಓದಿದವರು ಬೇರೆ ಬಲೆಯನ್ನೇ ತಂದಾರು.

ಪ್ರಶ್ನೆ: ಹಳೆಯ ಡಬ್ಬಗಳ ಮೇಲೆ ನೆಟ್‌ಗೆ ಕೊನೆಯಲ್ಲಿ ಎರಡು ‘ಟಿ’ ಇರುತ್ತದೆ. ತಪ್ಪೇ?
— ಓದುಗರು, ಹೊನ್ನಾವರ

ಉತ್ತರ: ತಪ್ಪಲ್ಲ, ಬ್ರಿಟಿಷ್ ರೂಢಿ. ಆದರೆ ಅದು ನಿವ್ವಳದ ಅರ್ಥಕ್ಕೆ ಮಾತ್ರ ಸಲ್ಲುತ್ತದೆ. ಮೀನಿನ ಬಲೆಗೂ ಸೊಳ್ಳೆ ಪರದೆಗೂ ಒಂದೇ ‘ಟಿ’.