ಮುಂಬೈಯಿಂದ ಗೋವಾಕ್ಕೆ ಕಾರಿನಲ್ಲಿ, ಹೈವೇ ಬಿಟ್ಟು ಕಡಲ ದಂಡೆ ಹಿಡಿದು ಹೋಗುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ನಾಲ್ಕು ಜನ, ಠಾಣೆಯಿಂದ ಒಂದು ಕಾರು, ಡಿಸೆಂಬರಿನಲ್ಲಿ ವಾಪಸಾತಿ ಸೇರಿ ಎಂಟು ದಿನ, ಕೋಟೆ, ಸ್ಕೂಬಾ, ಕಡಲಾಮೆ ಎಲ್ಲ ಬೇಕು, ಎನ್‌ಎಚ್ 66 ಮಾತ್ರ ಬೇಡ.

ಎಂಟು ದಿನ ಸಾಕು. ಆದರೆ ಆಮೆಯನ್ನು ಪಟ್ಟಿಯಿಂದ ತೆಗೆಯಿರಿ. ವೇಳಾಸ್, ಆಂಜರ್ಲೆ ಕಡೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಶುರು ಮಾಡುವುದು ಚಳಿಗಾಲದಲ್ಲಿ. ಮೊಟ್ಟೆ ಒಡೆಯಲು ಒಂದೂವರೆ ತಿಂಗಳಿಗೂ ಹೆಚ್ಚು ಬೇಕು. ಮರಿಗಳನ್ನು ನೀರಿಗೆ ಬಿಡುವುದನ್ನು ನೋಡಬೇಕಾದರೆ ಮಾರ್ಚ್, ಏಪ್ರಿಲ್. ಸ್ಕೂಬಾಕ್ಕೆ ನೀರು ತಿಳಿಯಾಗಿರುವುದು ನವೆಂಬರಿನಿಂದ ಫೆಬ್ರವರಿ. ಎರಡೂ ಒಂದೇ ಪ್ರವಾಸದಲ್ಲಿ ಚೆನ್ನಾಗಿ ಸಿಗುವುದಿಲ್ಲ. ಡಿಸೆಂಬರ್ ನಿಗದಿ ಆಗಿದ್ದರೆ ಸ್ಕೂಬಾ ಇಟ್ಟುಕೊಳ್ಳಿ.

ಈ ದಾರಿಯಲ್ಲಿ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬಾರದು. ಸಹ್ಯಾದ್ರಿಯಿಂದ ಇಳಿದ ಪ್ರತಿ ಹೊಳೆಯೂ ಅಗಲವಾದ ಅಳಿವೆಯಾಗಿ ಕಡಲು ಸೇರುತ್ತದೆ, ದೊಡ್ಡ ಅಳಿವೆಗಳನ್ನು ಇನ್ನೂ ಫೆರ್ರಿಯಲ್ಲೇ ದಾಟಬೇಕು. ಇಲ್ಲಿನವರು ಜಂಗಲ್ ಎನ್ನುತ್ತಾರೆ. ಸಿಗಂದೂರಿನ ಹಳೆಯ ಲಾಂಚ್ ನೋಡಿದವರಿಗೆ ಹೊಸದಲ್ಲ. ದಿನದ ಪ್ಲಾನ್ ನಿಲ್ಲುವುದು ಈ ಫೆರ್ರಿಗಳ ಮೇಲೆ, ಮತ್ತು ಉಬ್ಬರ-ಇಳಿತದ ಮೇಲೆ.

ಉತ್ತರದಿಂದ ದಕ್ಷಿಣಕ್ಕೆ ಅವು ಇವು: ಮುಂಬೈಯ ಭಾವುಚಾ ಧಕ್ಕಾದಿಂದ ಮಾಂಡ್ವಾ (ರೋ-ರೋ, ಅಂದರೆ ಕಾರುಗಳನ್ನು ಹೊತ್ತೊಯ್ಯುವ ದೊಡ್ಡ ಹಡಗು, ಸುಮಾರು ಒಂದು ಗಂಟೆ), ಆಗರದಾಂಡಾ–ದಿಘಿ, ಬಾಗಮಾಂಡ್ಲಾ–ವೇಶ್ವಿ, ದಾಭೋಳ–ಧೋಪಾವೆ, ತವಸಾಳ–ಜಯಗಡ, ಕೊನೆಗೆ ಗೋವಾ ಗಡಿಯಲ್ಲಿ ತೆರೇಖೋಲ್–ಕೇರಿ. ಮಾಂಡ್ವಾ ಬಿಟ್ಟರೆ ಉಳಿದವು ದಾಟಲು ಹತ್ತು ಹದಿನೈದು ನಿಮಿಷದ ಮಾತು. ಆದರೆ ಒಂದು ತಪ್ಪಿದರೆ ಮುಂದಿನದಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಬೇಕಾದೀತು. ರಾತ್ರಿಯ ಕೊನೆಯದು ತಪ್ಪಿದರೆ ಕಾಯುವ ಪ್ರಶ್ನೆಯೇ ಇಲ್ಲ: ದಾಭೋಳದಲ್ಲಿ ತಪ್ಪಿಸಿಕೊಂಡವರು ದಾಪೋಲಿ, ಖೇಡ್, ಚಿಪಳೂಣ್ ಸುತ್ತಿ ಗುಹಾಗರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಓಡಿಸಬೇಕು. ಮ್ಯಾಪ್ ಆ್ಯಪಿಗೆ ಇದು ತಿಳಿಯದು. ಫೆರ್ರಿ ತಪ್ಪಿಸುವ ಆಯ್ಕೆ ಆನ್ ಇದ್ದರೆ ಅದು ನಿಮ್ಮನ್ನು ಹೈವೇಗೆ ಎಳೆದುಕೊಂಡು ಹೋಗುತ್ತದೆ; ಆಫ್ ಇದ್ದರೆ ರಾತ್ರಿ ಹನ್ನೊಂದಕ್ಕೆ ಬೀಗ ಹಾಕಿದ ಜೆಟ್ಟಿಗೆ ತಂದು ನಿಲ್ಲಿಸುತ್ತದೆ. ಹಾಗಾಗಿ ಇಡೀ ದಾರಿಯನ್ನು ಒಂದೇ ಸಲ ಹಾಕದೆ, ಜೆಟ್ಟಿಯಿಂದ ಜೆಟ್ಟಿಗೆ ತುಂಡು ತುಂಡಾಗಿ ಹಾಕಿ. ಹಿಂದಿನ ರಾತ್ರಿ ತಂಗುವ ಮನೆಯವರನ್ನು "ನಾಳೆ ಜಂಗಲ್ ಇದೆಯಾ, ಮೊದಲನೆಯದು ಎಷ್ಟು ಗಂಟೆಗೆ?" ಎಂದು ಕೇಳಿ. ಎಂಜಿನ್ ರಿಪೇರಿಗೆ ನಿಂತ ಸುದ್ದಿ ಅವರಿಗೆ ಮೊದಲು ಗೊತ್ತಾಗುತ್ತದೆ. ಕೆಲವು ಅಳಿವೆಗಳಿಗೆ ಸೇತುವೆ ಕೆಲಸವೂ ನಡೆದಿದೆ, ಆದ್ದರಿಂದ ಎರಡು ವರ್ಷ ಹಳೆಯ ಪ್ರವಾಸ ಕಥನ ನಂಬಿ ಹೊರಡಬೇಡಿ.

ಫೆರ್ರಿ ಹತ್ತುವಾಗ ಕಾರಿಗೆ ಪೆಟ್ಟಾಗುವುದು ಒಂದೇ ಜಾಗದಲ್ಲಿ. ಜೆಟ್ಟಿಯ ಸಿಮೆಂಟ್ ಇಳಿಜಾರು ಕೆಳಮುಖ, ಫೆರ್ರಿಯ ಕಬ್ಬಿಣದ ಹಲಗೆ ಮೇಲ್ಮುಖ. ಎರಡೂ ಕೂಡುವ ಮೂಲೆಯಲ್ಲಿ ಸೆಡಾನ್‌ಗಳ ಮುಂದಿನ ಬಂಪರ್ ಉಜ್ಜುತ್ತದೆ. ನೀರು ಇಳಿದಿದ್ದಾಗ ಈ ಮೂಲೆ ಇನ್ನೂ ಕಡಿದಾಗುತ್ತದೆ. ಕಾರಿನಲ್ಲಿರುವವರನ್ನು ಇಳಿಸಿ, ಫಸ್ಟ್ ಗೇರಿನಲ್ಲಿ, ಸ್ವಲ್ಪ ಓರೆಯಾಗಿ, ಒಂದು ಚಕ್ರ ಮೊದಲು ಹಲಗೆ ಹತ್ತುವಂತೆ ತನ್ನಿ. ಮೇಲೆ ಹೋದ ಮೇಲೆ ಹ್ಯಾಂಡ್‌ಬ್ರೇಕ್ ಜತೆಗೆ ಗೇರಿನಲ್ಲೇ ಬಿಡಿ. ನಿಮ್ಮ ಜತೆ ಯಾರಾದರೂ ಬೈಕಿನಲ್ಲಿ ಬರುವುದಾದರೆ, ಇಳಿಜಾರಿನ ಕೆಳತುದಿಯಲ್ಲಿ ಪಾಚಿ ಇರುತ್ತದೆ, ಮುಂದಿನ ಬ್ರೇಕ್ ಹಿಡಿಯುವುದು ಬೇಡ. ಬೈಕಿನವರಿಗೆ ಇನ್ನೊಂದು ಮಾತು: ಮುಂಬೈಯಿಂದ ಕಡಲು ದಾಟಿಸುವ ಅಟಲ್ ಸೇತುವಿನ ಮೇಲೆ ದ್ವಿಚಕ್ರ ಬಿಡುವುದಿಲ್ಲ, ರೋ-ರೋ ಇಲ್ಲವೇ ಪನವೇಲ್ ದಾರಿಯೇ ಗತಿ. ಶನಿವಾರ ಬೆಳಿಗ್ಗೆಯ ರೋ-ರೋದಲ್ಲಿ ಕಾರಿಗೆ ಜಾಗ ಮುಂಗಡ ಬುಕ್ ಮಾಡದೆ ಸಿಗದು. ಸಾಧ್ಯವಾದರೆ ವಾರದ ನಡುವೆ ಹೊರಡಿ.

ಈಗ ಉಬ್ಬರ-ಇಳಿತ. ಆ್ಯಪ್‌ಗಳಿವೆ, ಆದರೆ ಸಿಗ್ನಲ್ ಇಲ್ಲದ ಕಡೆ ಕೊಂಕಣದ ಮೀನುಗಾರರ ಹಳೇ ಲೆಕ್ಕ ಕೈಹಿಡಿಯುತ್ತದೆ. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿ, ಬಂದದ್ದು ಉಬ್ಬರದ ಗಂಟೆ. ಪಂಚಮಿ ಎಂದರೆ ಐದು, ಅದನ್ನು ಮುಕ್ಕಾಲಿನಿಂದ ಗುಣಿಸಿದರೆ ಮೂರೂ ಮುಕ್ಕಾಲು. ಅಂದು ಬೆಳಗಿನ ಜಾವ ಮತ್ತು ಮಧ್ಯಾಹ್ನ ಹೆಚ್ಚುಕಡಿಮೆ 3:45ಕ್ಕೆ ನೀರು ತುಂಬಿರುತ್ತದೆ. ಅದಕ್ಕೆ ಆರು ಗಂಟೆ ಸೇರಿಸಿದರೆ ಇಳಿತ: ಬೆಳಿಗ್ಗೆ ಹತ್ತರ ಸುಮಾರಿಗೆ. ಶುಕ್ಲವೋ ಕೃಷ್ಣವೋ, ಲೆಕ್ಕ ಒಂದೇ. ಮನೆಯ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಆ ತಿಂಗಳ ಹಾಳೆಯ ಫೋಟೋ ತೆಗೆದುಕೊಂಡರೆ ಸಾಕು. ಇದು ಮುಂಬೈ ಸುತ್ತಿನ ಲೆಕ್ಕ. ದಕ್ಷಿಣಕ್ಕೆ ಹೋದಂತೆ ಉಬ್ಬರ ಸ್ವಲ್ಪ ಮೊದಲೇ ಬರುತ್ತದೆ, ನೀರಿನ ಏರಿಳಿತವೂ ಕಡಿಮೆ ಆಗುತ್ತದೆ. ಅರ್ಧ ಗಂಟೆ ಆಚೀಚೆ ಇಟ್ಟುಕೊಳ್ಳಿ.

ಎಲ್ಲಿ ಬೇಕಾಗುತ್ತದೆ ಇದು? ಅಲಿಬಾಗಿನ ಕುಲಾಬಾ ಕೋಟೆಗೆ ಇಳಿತದಲ್ಲಿ ನಡೆದೇ ಹೋಗಬಹುದು. ನೀರು ತಿರುಗಿದ್ದನ್ನು ಗಮನಿಸದೆ ಒಳಗೆ ಫೋಟೋ ತೆಗೆಯುತ್ತ ನಿಂತವರು ಸಿಕ್ಕಿಬೀಳುತ್ತಾರೆ. ಇಳಿತದ ಗಳಿಗೆಗೆ ಒಂದೂವರೆ ಗಂಟೆ ಮುಂಚೆ ಹೋಗಿ, ಆ ಗಳಿಗೆ ಆಗುವಷ್ಟರಲ್ಲಿ ವಾಪಸು ಹೊರಡಿ. ಅಷ್ಟಮಿಯ ಆಸುಪಾಸು ನೀರು ಪೂರ್ತಿ ಇಳಿಯುವುದಿಲ್ಲ, ಮೊಣಕಾಲು ನೆನೆಯುವುದು ಖಂಡಿತ. ಹರಿಹರೇಶ್ವರದ ಪ್ರದಕ್ಷಿಣೆ ದಾರಿ ಇನ್ನೂ ಅಪಾಯ. ದೇವಸ್ಥಾನದ ಹಿಂದಿನ ಮೆಟ್ಟಿಲಿಳಿದು ಬಂಡೆಗಳ ಮೇಲೆ, ಕಡಲಿನ ಅಂಚಿನಲ್ಲೇ ಸುತ್ತು ಹಾಕುವುದು. ಉಬ್ಬರದಲ್ಲಿ ಅಲೆ ನೇರ ಆ ಬಂಡೆಗಳಿಗೇ ಬಡಿಯುತ್ತದೆ. ಇಳಿತವಿಲ್ಲದಿದ್ದರೆ ಮೆಟ್ಟಿಲ ಮೇಲೆ ನಿಂತು ನೋಡಿ ಬನ್ನಿ, ನಾಚಿಕೆಯೇನಿಲ್ಲ.

ದಿನದ ಹಂಚಿಕೆ ನಾನು ಹೀಗೆ ಮಾಡುತ್ತೇನೆ. ಸರಾಸರಿ ವೇಗ ಗಂಟೆಗೆ 30 ಕಿಲೋಮೀಟರ್ ಎಂದೇ ಹಿಡಿಯಿರಿ, ಅದಕ್ಕಿಂತ ಹೆಚ್ಚು ಸಿಗದು.

ಮೊದಲ ದಿನ ಮಾಂಡ್ವಾದಿಂದ ಅಲಿಬಾಗ್, ರೇವದಂಡಾ, ಕಾಶಿದ್, ಮುರುಡ್. ರಾಜಪುರಿಯಿಂದ ದೋಣಿಯಲ್ಲಿ ಜಂಜೀರಾ ಜಲದುರ್ಗ ನೋಡಿ, ಆಗರದಾಂಡಾದಲ್ಲಿ ಫೆರ್ರಿ ಹಿಡಿದು ದಿವೇಆಗರದಲ್ಲಿ ತಂಗಿ. ಕುಲಾಬಾ ಮತ್ತು ಜಂಜೀರಾ ಎರಡನ್ನೂ ಅದೇ ದಿನ ಮುಗಿಸುವ ಆಸೆ ಬೇಡ, ಒಂದನ್ನು ಆರಿಸಿ. ಎರಡನೇ ದಿನ ದಿವೇಆಗರದಿಂದ ಶ್ರೀವರ್ಧನ. ಈ ತುಂಡಿನಲ್ಲಿ ರಸ್ತೆ ಅಕ್ಷರಶಃ ನೀರಿನ ಪಕ್ಕದಲ್ಲೇ ಹೋಗುತ್ತದೆ, ಬೆಳಿಗ್ಗೆ ಏಳಕ್ಕೆ ಹೊರಟರೆ ರಸ್ತೆ ನಿಮ್ಮದೇ. ಮುಂದೆ ಹರಿಹರೇಶ್ವರ, ಬಾಗಮಾಂಡ್ಲಾ ಫೆರ್ರಿ, ಕೇಳ್ಶಿ, ಆಂಜರ್ಲೆ, ಹರ್ಣೈ. ಹರ್ಣೈ ದಂಡೆಯಲ್ಲಿ ಸಂಜೆ ಮೀನಿನ ಹರಾಜು, ಎದುರಿಗೆ ನೀರಿನಲ್ಲಿ ಸುವರ್ಣದುರ್ಗ. ರಾತ್ರಿ ಕರ್ಡೆ ಅಥವಾ ದಾಪೋಲಿಯ ಮುರುಡ್. ಹೆಸರು ಒಂದೇ, ಮೊದಲ ದಿನದ ಮುರುಡ್ ಬೇರೆ. ರೂಮ್ ಬುಕ್ ಮಾಡುವಾಗ ಜಿಲ್ಲೆ ನೋಡಿ. ಜಂಜೀರಾದ್ದು ರಾಯಗಡ, ಇದು ರತ್ನಾಗಿರಿ.

ಮೂರನೇ ದಿನ ದಾಭೋಳ ದಾಟಿ ಗುಹಾಗರ, ಹೆದ್ವಿ, ತವಸಾಳ, ಜಯಗಡ, ಗಣಪತಿಪುಳೆ. ಇಲ್ಲಿ ಎರಡು ಫೆರ್ರಿ, ಬೆಳಿಗ್ಗೆಯೇ ಹೊರಡಬೇಕು. ಜಯಗಡದ ಫೆರ್ರಿ ಕೈಕೊಟ್ಟರೆ ಭಾತಗಾಂವ್ ಸೇತುವೆ ಸುತ್ತಿ ಬರಬಹುದು. ಗಣಪತಿಪುಳೆಯ ಕಡಲು ನೋಡಲು ಶಾಂತ, ಆದರೆ ಸೆಳೆತ ಜೋರು. ಸೊಂಟಮಟ್ಟದ ಆಚೆ ಹೋಗಬೇಡಿ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರ ಈಜಿ ದಣಿಯಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಒಳಗೆ ತಿರುಗಿ.

ನಾಲ್ಕನೇ ದಿನ ಅತಿ ಉದ್ದ: ಆರೆ-ವಾರೆ, ರತ್ನಾಗಿರಿ, ಪಾವಸ್, ಕಶೇಳಿ, ಜೈತಾಪುರ, ವಿಜಯದುರ್ಗ, ದೇವಗಡ. ಆರೆ-ವಾರೆಯಲ್ಲಿ ತಿರುವಿನಲ್ಲಿ ಕಾರು ನಿಲ್ಲಿಸಬೇಡಿ, ಮೇಲೆ ಜಾಗವಿದೆ. ರತ್ನಾಗಿರಿ ದಾಟಿದ ಮೇಲೆ ಸಿಗುವ ಮುರಕಲ್ಲಿನ ಬಯಲನ್ನು ಇಲ್ಲಿನವರು ಸಡಾ ಎನ್ನುತ್ತಾರೆ, ತುಳುನಾಡಿನವರ ಪದವು ಇದ್ದಂತೆಯೇ. ಆ ಕಲ್ಲಿನ ಮೇಲೆ ಪ್ರಾಚೀನ ಜನ ಕೊರೆದ ದೊಡ್ಡ ಆಕೃತಿಗಳಿವೆ. ಕಶೇಳಿಯ ಆನೆ ಎಷ್ಟು ದೊಡ್ಡದೆಂದರೆ ಪಕ್ಕದಲ್ಲಿ ನಿಂತರೆ ಆನೆ ಎಂದು ತಿಳಿಯುವುದಿಲ್ಲ. ಗೆರೆಗಳು ಆಳವಿಲ್ಲದ ಕಾರಣ ನಡುಮಧ್ಯಾಹ್ನ ಏನೂ ಕಾಣದು, ಓರೆ ಬಿಸಿಲು ಬೇಕು. ಚಪ್ಪಲಿ ಹಾಕಿಕೊಂಡು ಅದರ ಮೇಲೆ ನಡೆಯಬೇಡಿ. ಅಲ್ಲಿಗೆ ಹತ್ತು ಗಂಟೆಯೊಳಗೆ ತಲುಪಲು ಆಗದಿದ್ದರೆ ವಿಜಯದುರ್ಗಕ್ಕೆ ಸಮಯ ಕೊಡಿ. ಖಾಂದೇರಿ, ಸುವರ್ಣದುರ್ಗ, ವಿಜಯದುರ್ಗ, ಸಿಂಧುದುರ್ಗ ಈ ನಾಲ್ಕೂ 2025ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ 12 ಮರಾಠಾ ಕೋಟೆಗಳಲ್ಲಿವೆ. ಈ ನಾಲ್ಕರಲ್ಲಿ ಕಾರು ನಿಲ್ಲಿಸಿ ಕಾಲ್ನಡಿಗೆಯಲ್ಲಿ ಒಳಹೋಗಬಹುದಾದದ್ದು ವಿಜಯದುರ್ಗ ಒಂದೇ.

ಐದನೇ ದಿನ ಕುಣಕೇಶ್ವರ, ಆಚರಾ ಮೇಲೆ ಮಾಲವಣ. ಎರಡು ರಾತ್ರಿ ಅಲ್ಲೇ. ಸ್ಕೂಬಾವನ್ನು ಮರುದಿನ ಬೆಳಿಗ್ಗೆಗೆ ಇಡಿ. ಮಧ್ಯಾಹ್ನ ಗಾಳಿ ಎದ್ದರೆ ನೀರು ಕಲಕುತ್ತದೆ, ದೋಣಿಯಲ್ಲಿ ವಾಂತಿಯೂ ಹೆಚ್ಚು. ಮೊದಲ ಸಲದವರು ಅರ್ಧಕ್ಕೆ ಮೇಲೆ ಬರುವುದು ಹೆದರಿಕೆಯಿಂದಲ್ಲ, ಕಿವಿನೋವಿನಿಂದ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸುವುದನ್ನು ನೋವು ಶುರುವಾಗುವ ಮೊದಲೇ, ಇಳಿದಂತೆಲ್ಲ ಮಾಡುತ್ತಿರಬೇಕು. ನೆಗಡಿಯಿದ್ದರೆ ಕಿವಿ ಬಿಡುವುದೇ ಇಲ್ಲ, ಆಗ ಇಳಿಯಬೇಡಿ. ಉಬ್ಬಸ ಇರುವವರು ಮೊದಲು ಡಾಕ್ಟರನ್ನು ಕೇಳಿ. ನಿಮ್ಮಲ್ಲಿ ಯಾರಾದರೂ ಗೋವಾದಿಂದ ವಿಮಾನದಲ್ಲಿ ಮರಳುವುದಾದರೆ ಡೈವ್ ಮುಗಿದು ಕನಿಷ್ಠ 18 ಗಂಟೆ ಬಿಡಬೇಕು. ಸಿಂಧುದುರ್ಗ ಕೋಟೆ ಮಧ್ಯಾಹ್ನಕ್ಕೆ.

ಏಳನೇ ದಿನ ಗೋವಾ. ಮ್ಯಾಪಿನಲ್ಲಿ ದೇವಬಾಗದ ತುದಿಯಿಂದ ಭೋಗ್ವೆ ಕೂಗಳತೆ ದೂರ, ಆದರೆ ನಡುವೆ ಕರ್ಲಿ ಹೊಳೆ, ಕಾರು ದಾಟುವ ವ್ಯವಸ್ಥೆ ಇಲ್ಲ. ಮಾಲವಣಕ್ಕೆ ಹಿಂದಿರುಗಿ, ಒಳದಾರಿಯಲ್ಲಿ ಸೇತುವೆ ದಾಟಿ, ಪರುಳೆ ಮೇಲೆ ವೆಂಗುರ್ಲಾ, ಶಿರೋಡಾ, ರೇಡಿ. ತೆರೇಖೋಲ್ ಫೆರ್ರಿ ನೀರು ತೀರಾ ಇಳಿದಾಗ ನಿಲ್ಲುವುದುಂಟು. ಆಗ ಆರೋಂದಾ–ಕಿರಣಪಾಣಿ ಸೇತುವೆ ಇದೆ. ಎಂಟನೇ ದಿನ ಕಡಲು ಮರೆತು ಸಾವಂತವಾಡಿ, ಅಂಬೋಲಿ, ಆಜರಾ, ಸಂಕೇಶ್ವರ, ಕೊಲ್ಲಾಪುರ, ಪುಣೆ. ಉದ್ದ ದಿನ, ಇಬ್ಬರು ಡ್ರೈವರ್ ಇದ್ದರೆ ಮಾತ್ರ. ಬೆಳಿಗ್ಗೆ ಐದಕ್ಕೆ ಹೊರಡಿ. ಗೋವಾದ ಬಾಟಲಿ ಡಿಕ್ಕಿಯಲ್ಲಿ ಇಡಬೇಡಿ, ಗಡಿಯಲ್ಲಿ ಅಬಕಾರಿ ತಪಾಸಣೆ ಇರುತ್ತದೆ.

ಪುಣೆಯಿಂದ ಹೊರಡುವವರು ಇದನ್ನು ಓದುತ್ತಿದ್ದರೆ: ತಾಮ್ಹಿಣಿ ಘಾಟಿ, ಮಾಣಗಾಂವ್ ಮೇಲೆ ನೇರ ದಿವೇಆಗರಕ್ಕೆ ಇಳಿಯಿರಿ, ಮೊದಲ ದಿನ ಉಳಿಯಿತು. ಗೋವಾದಲ್ಲಿರುವವರಿಗೆ ಉತ್ತರಮುಖವಾಗಿ ಬರುವುದೇ ಲಾಭ. ಎಡಬದಿಯಲ್ಲಿ ಓಡಿಸುವ ನಮಗೆ ಆಗ ಕಡಲೂ ಎಡಕ್ಕೇ ಇರುತ್ತದೆ, ನೋಡಲು ನಿಲ್ಲಿಸುವಾಗ ರಸ್ತೆ ದಾಟುವ ಗೋಜಿಲ್ಲ.

ಉಳಿದದ್ದು ಚುಟುಕಾಗಿ. ಪೆಟ್ರೋಲ್ ಅರ್ಧ ಟ್ಯಾಂಕಿಗೆ ಬಂದರೆ ಕಂಡ ಬಂಕಿನಲ್ಲಿ ತುಂಬಿಸಿ. ಅಲಿಬಾಗ್, ಶ್ರೀವರ್ಧನ, ದಾಪೋಲಿ, ಗುಹಾಗರ, ರತ್ನಾಗಿರಿ, ದೇವಗಡ, ಮಾಲವಣ, ವೆಂಗುರ್ಲಾ ಖಾತ್ರಿ ಜಾಗಗಳು. ನೆಟ್‌ವರ್ಕ್ ಇಲ್ಲದೆ ಯುಪಿಐ ನಡೆಯದ ಕಡೆಗೆ ನಗದು, ಅದರಲ್ಲೂ ಚಿಲ್ಲರೆ. ಕತ್ತಲಾದ ಮೇಲೆ ಓಡಿಸಬೇಡಿ: ದೀಪವಿಲ್ಲ, ದನಗಳು ಬಿಸಿ ಡಾಂಬರಿನ ಮೇಲೆ ಮಲಗಿರುತ್ತವೆ, ಒಂಟಿ ರಸ್ತೆಯ ತಿರುವಿನಲ್ಲಿ ಎಸ್‌ಟಿ ಬಸ್ ಎದುರಾದರೆ ಹಿಂದೆ ಸರಿಯಬೇಕಾದವರು ನೀವೇ. ಊಟವನ್ನು ಹೋಮ್‌ಸ್ಟೇಯಲ್ಲಿ ಬೆಳಿಗ್ಗೆಯೇ ಹೇಳಿಡಬೇಕು, ಹೇಳದಿದ್ದರೆ ಅಡುಗೆ ಇರುವುದಿಲ್ಲ. ಸುರಮಯಿ ಎಂದರೆ ನಮ್ಮ ಅಂಜಲ್, ಬಾಂಗ್ಡಾ ಎಂದರೆ ಬಂಗುಡೆ, ತಿಸ್ರ್ಯಾ ಎಂದರೆ ಮರುವಾಯಿ.

ಕಾರನ್ನು ಮರಳಿಗೆ ಇಳಿಸುವ ರೀಲ್‌ಗಳನ್ನು ನೋಡಿಯೇ ಈ ದಾರಿ ಹುಡುಕಿದ್ದರೆ, ಅದೊಂದು ಬೇಡ. ಗೋವಾದಲ್ಲಿ ಪೊಲೀಸರು ಕೇಸು ಹಾಕುತ್ತಾರೆ, ಉಳಿದ ಕಡೆ ಕಡಲೇ ಹಾಕುತ್ತದೆ. ಪಾರ್ಕಿಂಗಿನಲ್ಲೇ ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ತಿರುಗಿದಷ್ಟೂ ಅದು ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಚಕ್ರದ ಮುಂದಿನ ಮರಳು ಕೈಯಲ್ಲಿ ತೆಗೆದು, ಗಾಳಿಯನ್ನು 18 ಪಿಎಸ್‌ಐವರೆಗೆ ಇಳಿಸಿ, ಕಾಲಡಿಯ ಮ್ಯಾಟ್ ಚಕ್ರದಡಿ ತುರುಕಿ, ಸ್ಟಿಯರಿಂಗ್ ನೇರ ಇಟ್ಟು ಸೆಕೆಂಡ್ ಗೇರಿನಲ್ಲಿ ನಿಧಾನ ಬಿಡಿ. ಹೊರಗೆ ಬಂದ ಮೇಲೆ ಆ ಗಾಳಿಯಲ್ಲೇ ವೇಗವಾಗಿ ಓಡಿಸಿದರೆ ಟೈರ್ ರಿಮ್ ಬಿಟ್ಟೀತು, ಹಾಗಾಗಿ ಕಾರಿನ ಸಾಕೆಟ್ಟಿಗೆ ಹಾಕುವ ಚಿಕ್ಕ ಪಂಪ್ ಜತೆಗಿರಲಿ. ಮನೆಗೆ ಮರಳಿದ ಮರುದಿನವೇ ತಳಭಾಗಕ್ಕೆ ಸಿಹಿನೀರಿನ ಪ್ರೆಶರ್ ವಾಶ್ ಮಾಡಿಸಿ, ಚಕ್ರದ ಕಮಾನಿನ ಒಳಗೂ; ಉಪ್ಪು ಕೂರುವುದು ಅಲ್ಲೇ.