ಅಜ್ಜಿಯ ಮುತ್ತಿನ ಸರ ಅಸಲಿಯೋ, ನಕಲಿಯೋ?

ಪ್ರಶ್ನೆ: ಅಜ್ಜಿಯಿಂದ ಅಮ್ಮನಿಗೆ ಬಂದಿದ್ದ ಎರಡು ಮುತ್ತಿನ ಸರಗಳು ಈಗ ನನ್ನ ಮತ್ತು ತಂಗಿಯ ಪಾಲಿಗೆ ಬಂದಿವೆ. ಒಂದು ಸರದ ಮುತ್ತುಗಳು ಕೆನೆಬಣ್ಣಕ್ಕೆ ತಿರುಗಿ ಸ್ವಲ್ಪ ಮಾಸಿವೆ. ಅದರ ಕೊಂಡಿ ಸಾಧಾರಣ ಲೋಹದ್ದು. ಇನ್ನೊಂದು ಇಂದಿಗೂ ಬೆಳ್ಳಗೆ ಹೊಳೆಯುತ್ತದೆ, ಅದಕ್ಕೆ ಚಿನ್ನದ ಕೊಂಡಿಯಿದೆ. ಚಿನ್ನದ ಕೊಂಡಿಯದೇ ಅಸಲಿ ಎಂದು ಅಮ್ಮ ಹೇಳುತ್ತಿದ್ದರು. ಆದರೆ ಹಲ್ಲಿಗೆ ಉಜ್ಜಿ ನೋಡಿದಾಗ ಮಾಸಿದ ಸರ ತರಿತರಿಯಾಗಿತ್ತು, ಹೊಳೆಯುವ ಸರ ನುಣ್ಣಗಿತ್ತು. ಬೆಂಕಿಗೆ ಹಿಡಿದರೆ ನಿಜ ಗೊತ್ತಾಗುತ್ತದೆ ಎಂದು ಬಂಧುಗಳೊಬ್ಬರು ಹೇಳುತ್ತಿದ್ದಾರೆ. ಯಾವುದನ್ನು ನಂಬಬೇಕು?

ಉತ್ತರ: ದಯವಿಟ್ಟು ಬೆಂಕಿಯ ಹತ್ತಿರ ಆ ಸರಗಳನ್ನು ಒಯ್ಯಬೇಡಿ. ಮುತ್ತಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಪದರಗಳನ್ನು ಹಿಡಿದಿಟ್ಟಿರುವುದು ಪ್ರೋಟೀನಿನ ತೆಳುವಾದ ಅಂಟು, ಜೊತೆಗೆ ಅತ್ಯಲ್ಪ ಪ್ರಮಾಣದ ನೀರು. ಬಿಸಿ ತಾಗಿದರೆ ಮುತ್ತು ಕಂದುತ್ತದೆ, ಬಿರುಕು ಬಿಡುತ್ತದೆ. ವಿನೆಗರ್‌ನಲ್ಲಿ ಅದ್ದಿ ನೋಡುವುದು, ಸೂಜಿಯಿಂದ ಗೀರಿ ನೋಡುವುದು ಕೂಡ ಇದೇ ಜಾತಿಯ ಪರೀಕ್ಷೆಗಳು. ಮುತ್ತು ಅಸಲಿ ಎಂದು ತಿಳಿಯುವ ಹೊತ್ತಿಗೆ ಅದು ಕೆಟ್ಟುಹೋಗಿರುತ್ತದೆ.

ನೀವು ಮಾಡಿದ ಹಲ್ಲಿನ ಪರೀಕ್ಷೆಗೆ ಆಧಾರವಿದೆ. ಮುತ್ತಿನ ಮೇಲ್ಮೈ ಅತಿ ಸಣ್ಣ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಬೆಳೆದಿರುತ್ತದೆ. ಒಂದೊಂದು ಹಲಗೆಯ ದಪ್ಪ ಸುಮಾರು ಅರ್ಧ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗ. ಆ ಹಲಗೆಗಳ ಅಂಚುಗಳೇ ಹಲ್ಲಿಗೆ ತರಿಯಾಗಿ ಸಿಗುವುದು. ಗಾಜು ಅಥವಾ ಪ್ಲಾಸ್ಟಿಕ್ ಮಣಿಯ ಮೇಲೆ ಲೇಪ ಬಳಿದು ಮಾಡಿದ ಮುತ್ತಿನಲ್ಲಿ ಅಂಥ ಅಂಚುಗಳಿಲ್ಲದ ಕಾರಣ ಅದು ನುಣ್ಣಗೆ ಜಾರುತ್ತದೆ. ಹಲ್ಲಿಗೆ ಉಜ್ಜುವುದಕ್ಕಿಂತ ಎರಡು ಮುತ್ತುಗಳನ್ನು ಒಂದಕ್ಕೊಂದು ಮೆಲ್ಲಗೆ, ಒಮ್ಮೆ ಮಾತ್ರ ತಿಕ್ಕಿ ನೋಡುವುದು ಮೇಲು. ಬೆರಳಿಗೂ ಆ ತರಿ ತಿಳಿಯುತ್ತದೆ. ಆದರೂ ಇದೊಂದನ್ನೇ ನೆಚ್ಚಿಕೊಂಡು ತೀರ್ಮಾನಕ್ಕೆ ಬರಬೇಡಿ. ಉಜ್ಜಿ ಮೆರುಗು ಕೊಟ್ಟ ಅಸಲಿ ಮುತ್ತು ನುಣ್ಣಗಿರುವುದುಂಟು, ಕೆಲವು ನಕಲಿ ಲೇಪಗಳು ಒರಟಾಗಿರುವುದೂ ಉಂಟು.

ನನ್ನ ಮಟ್ಟಿಗೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಂಬಬಹುದಾದದ್ದು ಮುತ್ತಿನ ತೂತನ್ನು ನೋಡುವುದು. ಇದಕ್ಕೆ ಬೇಕಾಗಿರುವುದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಮತ್ತು ಒಳ್ಳೆಯ ಬೆಳಕು. ಹಳೆಯ ಸರದಲ್ಲಿ ದಾರ ಸಡಿಲಗೊಂಡಿರುತ್ತದೆ; ಕೊಂಡಿಯ ಪಕ್ಕದ ಮುತ್ತನ್ನು ಕೂದಲೆಳೆಯಷ್ಟು ಸರಿಸಿ, ತೂತಿನ ಬಾಯಿ ಕಾಣುವಂತೆ ಬೆಳಕಿಗೆ ವಾಲಿಸಿ ಹಿಡಿಯಿರಿ. ಅಸಲಿ ಮುತ್ತಿನಲ್ಲಿ ತೂತಿನ ಅಂಚು ಚೂಪಾಗಿ, ಕೊರೆದ ಕಲ್ಲಿನಂತೆ ಇರುತ್ತದೆ; ಒಳಗೂ ಹೊರಗೂ ಒಂದೇ ಬಗೆಯ ಮಂದವಾದ ಪದಾರ್ಥ ಕಾಣುತ್ತದೆ. ನಕಲಿಯಲ್ಲಿ ತೂತಿನ ಸುತ್ತ ಲೇಪವು ಬಣ್ಣ ಗಟ್ಟಿಕಟ್ಟಿದಂತೆ ಸಣ್ಣ ದಿಂಡಾಗಿ ನಿಂತಿರುತ್ತದೆ, ಇಲ್ಲವೇ ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಎದ್ದಿರುತ್ತದೆ, ಆ ಚಕ್ಕೆ ಹೋದ ಜಾಗದಲ್ಲಿ ಗಾಜು ಮಿಣುಕುತ್ತದೆ. ಒಮ್ಮೆ ಈ ವ್ಯತ್ಯಾಸವನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ. ಕೊಂಡಿಯ ಬಳಿಯ ಒಂದು ಮುತ್ತನ್ನು ಮಾತ್ರ ನೋಡಿ ನಿಲ್ಲಿಸದೆ, ಸರದ ಬೇರೆ ಬೇರೆ ಕಡೆ ಐದಾರು ಮುತ್ತುಗಳನ್ನಾದರೂ ನೋಡಿ. ಕಳೆದುಹೋದ ಮುತ್ತಿನ ಜಾಗಕ್ಕೆ ನಕಲಿ ಮಣಿ ಪೋಣಿಸಿರುವ ಸರಗಳು ಇರುತ್ತವೆ.

ತೂಕ ಮತ್ತು ತಂಪಿನ ಬಗ್ಗೆ ನೀವು ಕೇಳಿಲ್ಲವಾದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಮುತ್ತು ಕೈಗೆ ತಂಪಾಗಿ, ತೂಕವಾಗಿ ಇರುತ್ತದೆ ಎಂಬುದು ನಿಜ. ಗಾಜೂ ಹಾಗೆಯೇ ಇರುತ್ತದೆ. ಮುತ್ತಿನ ಸಾಂದ್ರತೆ ನೀರಿನ ಸುಮಾರು 2.7 ಪಟ್ಟು, ಸಾಮಾನ್ಯ ಗಾಜಿನದು 2.5 ಪಟ್ಟು, ಅಂಗೈಯಲ್ಲಿಟ್ಟು ಈ ವ್ಯತ್ಯಾಸವನ್ನು ಹೇಳಲಾಗದು. ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಪ್ಲಾಸ್ಟಿಕ್ ಮಾತ್ರ.

ಚಿನ್ನದ ಕೊಂಡಿಯೂ ಸಾಕ್ಷಿಯಲ್ಲ. ಸರವನ್ನು ಮತ್ತೆ ಪೋಣಿಸುವಾಗಲೆಲ್ಲ ಕೊಂಡಿ ಬದಲಾಗಬಹುದು. ಒಂದು ಸರದ ಕೊಂಡಿ ಇನ್ನೊಂದಕ್ಕೆ ಹೋಗಿರಲೂಬಹುದು. ಹಳೆಯದೆಂಬ ಕಾರಣವೂ ಸಾಲದು, ಏಕೆಂದರೆ ಮೀನಿನ ಹುರುಪೆಯಿಂದ ತೆಗೆದ ಹೊಳಪಿನ ದ್ರವವನ್ನು ಗಾಜಿನ ಮಣಿಗಳಿಗೆ ಸವರಿ ಮುತ್ತು ಮಾಡುವ ಕೆಲಸ ಪ್ಯಾರಿಸ್‌ನಲ್ಲಿ 17ನೇ ಶತಮಾನದಲ್ಲಿಯೇ ನಡೆಯುತ್ತಿತ್ತು. ಇನ್ನು ಬಣ್ಣದ ಮಾತು: ಬೆವರು, ಸುಗಂಧದ್ರವ್ಯ ಮತ್ತು ಕಾಲದಿಂದ ಅಸಲಿ ಮುತ್ತು ಕೆನೆಬಣ್ಣಕ್ಕೆ ತಿರುಗುವುದು ಸಹಜ. ಆದ್ದರಿಂದ ಮಾಸಿದೆ ಎಂಬ ಕಾರಣಕ್ಕೆ ಮೊದಲ ಸರವನ್ನು ಕೀಳಾಗಿ ಕಾಣಬೇಡಿ. ನೀವು ಬರೆದಿರುವುದನ್ನು ನೋಡಿದರೆ ಅದೇ ಅಸಲಿಯಾಗಿರುವ ಸಾಧ್ಯತೆ ಹೆಚ್ಚು. ಆದರೆ ತೂತನ್ನು ನೋಡುವವರೆಗೆ ಇಬ್ಬರೂ ಪಾಲು ಮಾಡಿಕೊಳ್ಳದಿರುವುದು ಒಳ್ಳೆಯದು.

ಪ್ರಶ್ನೆ: 1930ರ ದಶಕದಲ್ಲಿ ಕೊಂಡದ್ದೆಂದು ಮನೆಯವರು ಹೇಳುವ ಮುತ್ತಿನ ಸರವನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೆವು. ವರದಿಯಲ್ಲಿ ‘ಕಲ್ಚರ್ಡ್’ ಎಂದು ಬಂದಿದೆ. ಹಾಗಾದರೆ ಇಷ್ಟು ವರ್ಷ ನಾವು ಜೋಪಾನ ಮಾಡಿದ್ದು ನಕಲಿ ಮುತ್ತನ್ನೇ?

ಉತ್ತರ: ಅಲ್ಲ. ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಆ ಪದ ನಿಮ್ಮನ್ನು ತಪ್ಪು ದಾರಿಗೆ ಎಳೆದಿದೆ. ಕಲ್ಚರ್ಡ್ ಮುತ್ತು ಜೀವಂತ ಚಿಪ್ಪಿನೊಳಗೆ ಬೆಳೆದ ನಿಜವಾದ ಮುತ್ತು. ಮನುಷ್ಯ ಮಾಡುವುದು ಆರಂಭವನ್ನು ಮಾತ್ರ: ಚಿಪ್ಪಿನೊಳಗೆ ಒಂದು ಸಣ್ಣ ಗುಂಡನ್ನೂ ಇನ್ನೊಂದು ಚಿಪ್ಪಿನ ಅಂಗಾಂಶದ ಚೂರನ್ನೂ ಇಡುತ್ತಾನೆ, ಉಳಿದ ಪದರಗಳನ್ನು ಕಟ್ಟುವುದು ಆ ಜೀವಿಯೇ. ನಕಲಿ ಎಂದರೆ ಯಾವ ಚಿಪ್ಪಿನ ಜೀವಿಯೂ ಕಟ್ಟದ ಲೇಪದ ಮಣಿ. ಅಸಲಿ, ನಕಲಿ ಎಂಬ ಪ್ರಶ್ನೆ ಬೇರೆ. ತಾನಾಗಿ ಹುಟ್ಟಿದ್ದೋ, ಬೆಳೆಸಿದ್ದೋ ಎಂಬ ಪ್ರಶ್ನೆ ಬೇರೆ. ಮೊದಲನೆಯದಕ್ಕೆ ಬಹುಮಟ್ಟಿಗೆ ಮನೆಯಲ್ಲಿಯೇ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ.

ಮನೆಯವರು ಹೇಳುವ ಕಾಲಕ್ಕೂ ವರದಿಗೂ ಹೊಂದಾಣಿಕೆಯಿದೆ. ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಅರೆಗೋಳದ ಮುತ್ತುಗಳನ್ನು ಬೆಳೆಸಿದರು. ದುಂಡನೆಯ ಮುತ್ತು ಬೆಳೆಸುವ ವಿಧಾನ 20ನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ರೂಪುಗೊಂಡಿತು. 1920ರ ದಶಕದಲ್ಲಿ ಈ ಮುತ್ತುಗಳು ಜಗತ್ತಿನ ಮಾರುಕಟ್ಟೆಗೆ ಬಂದವು. ಅದಕ್ಕೆ ಸ್ವಲ್ಪ ಮೊದಲು, 1917ರಲ್ಲಿ, ಎರಡೆಳೆಯ ಒಂದು ಸಹಜ ಮುತ್ತಿನ ಹಾರ ಹಾಗೂ ನೂರು ಡಾಲರಿಗೆ ಪ್ರತಿಯಾಗಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿದ್ದ ಮಹಲು ಕಾರ್ಟಿಯೇ ಆಭರಣ ಸಂಸ್ಥೆಯ ಕೈಸೇರಿತ್ತು. ಬೆಳೆಸಿದ ಮುತ್ತು ಹರಡಿದ ಮೇಲೆ, ಆರ್ಥಿಕ ಕುಸಿತವೂ ಜೊತೆಗೂಡಿ, ಸಹಜ ಮುತ್ತಿನ ಬೆಲೆ ನೆಲಕಚ್ಚಿತು. ಅದರ ಏಟು ಪರ್ಷಿಯನ್ ಕೊಲ್ಲಿಯಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದವರ ಬದುಕಿಗೂ ಬಿತ್ತು. ಹಾಗಾಗಿ 1930ರ ದಶಕದ ಸರ ಎರಡರಲ್ಲಿ ಯಾವುದಾದರೂ ಆಗಿರಬಹುದಿತ್ತು.

ವರದಿಯಲ್ಲಿ ಒಂದು ಸಂಗತಿಯನ್ನು ನೋಡಿ: ತೀರ್ಮಾನಕ್ಕೆ ಎಕ್ಸ್-ರೇ ಬಳಸಿದ್ದಾರೆಯೇ? ಎಕ್ಸ್-ರೇ ಚಿತ್ರದಲ್ಲಿ ಒಳಗಿನ ಗುಂಡು ಮತ್ತು ಅದರ ಸುತ್ತಲ ಗೆರೆ ಕಾಣುತ್ತವೆ. ಸಹಜ ಮುತ್ತಿನಲ್ಲಿ ಈರುಳ್ಳಿಯಂಥ ವರ್ತುಲಗಳು ಕೇಂದ್ರದವರೆಗೂ ಹೋಗಬಹುದು. ಬರಿಗಣ್ಣಿನಿಂದ, ಹಲ್ಲಿನಿಂದ ಇದನ್ನು ತಿಳಿಯಲು ಬರುವುದಿಲ್ಲ. ಸರದ ಎಲ್ಲ ಮುತ್ತುಗಳನ್ನು ಪರೀಕ್ಷಿಸಿದರೋ ಕೆಲವನ್ನು ಮಾತ್ರವೋ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ, ಏಕೆಂದರೆ ಎರಡು ಬಗೆಯವೂ ಬೆರೆತ ಸರಗಳಿವೆ.

ಪ್ರಶ್ನೆ: ಪರೀಕ್ಷೆಗೆ ಕೊಡುವ ಮೊದಲು ಹಳೆಯ ಸರವನ್ನು ತೊಳೆಯಬಹುದೇ?

ಉತ್ತರ: ತೊಳೆಯಬೇಡಿ. ನೀರು ತೂತಿನೊಳಗೆ ಇಳಿದು ಹಳೆಯ ದಾರವನ್ನು ಕೊಳೆಸುತ್ತದೆ. ಸರ ನಕಲಿಯಾಗಿದ್ದರೆ ಸಡಿಲಗೊಂಡ ಲೇಪವೂ ಎದ್ದುಬರುತ್ತದೆ. ಒಣಗಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒಂದೊಂದೇ ಮುತ್ತನ್ನು ಒರೆಸಿದರೆ ಸಾಕು. ದಾರ ಬಿಚ್ಚಲೇಬೇಕಾಗಿ ಬಂದರೆ ಮೊದಲು ಸರವನ್ನು ಉದ್ದಕ್ಕೆ ಚಾಚಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಡುವೆ ದೊಡ್ಡದು, ತುದಿಗೆ ಹೋದಂತೆ ಚಿಕ್ಕದು ಎಂಬ ಕ್ರಮದಲ್ಲಿ ಪೋಣಿಸಿದ್ದರೆ, ಮುತ್ತುಗಳು ಬೆರೆತುಹೋದ ಮೇಲೆ ಅದನ್ನು ಮೊದಲಿನಂತೆ ಜೋಡಿಸುವುದು ತುಂಬ ಕಷ್ಟ.